ಲೆಕ್ಕ ಸರಿ, ಹಾಳೆ ಸರಿಯೇ?

ರಾಜಾಜಿನಗರ ಕೈಗಾರಿಕಾ ಪ್ರದೇಶದ ಸಣ್ಣ ಕಾರ್ಖಾನೆಗಳಲ್ಲಿ, ಕಾಮಾಕ್ಷಿಪಾಳ್ಯದ ಲೇತ್ ಶೆಡ್ಡುಗಳಲ್ಲಿ, ಕೆಂಗೇರಿ ದಾಟಿ ಕುಂಬಳಗೋಡಿನ ಘಟಕಗಳಲ್ಲಿ ತಿಂಗಳಿಗೊಮ್ಮೆ ತಪ್ಪದೆ ತಯಾರಾಗುವ ಕಾಗದವೊಂದಿದೆ. ಬ್ಯಾಂಕಿನಲ್ಲಿ ಕ್ಯಾಶ್ ಕ್ರೆಡಿಟ್ ಸಾಲ ಇಟ್ಟುಕೊಂಡವರು ಕೊಡಬೇಕಾದ ಸ್ಟಾಕ್ ಸ್ಟೇಟ್‌ಮೆಂಟ್, ಅದರ ಜೊತೆಗೆ ಬಾಕಿದಾರರ ಪಟ್ಟಿ. ಯಾವ ಪಾರ್ಟಿಯಿಂದ ಎಷ್ಟು ಬರಬೇಕು, ಅದರಲ್ಲಿ 30 ದಿನದೊಳಗಿನದೆಷ್ಟು, 60 ದಿನದ್ದೆಷ್ಟು, 90 ದಿನದ್ದೆಷ್ಟು, ಅದಕ್ಕೂ ಹಳೆಯದೆಷ್ಟು. ತೀರಾ ಹಳೆಯ ಬಾಕಿಯನ್ನು ಬ್ಯಾಂಕುಗಳು ಸಾಮಾನ್ಯವಾಗಿ ಸಾಲದ ಮಿತಿಯ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಾಗಾಗಿ ಅಧಿಕಾರಿಯ ಕಣ್ಣು ಮೊದಲು ಹೋಗುವುದು ಕೊನೆಯ ಕಾಲಂಗೆ.

ಪ್ರಿಂಟ್ ತೆಗೆದಾಗ ಆ ಕೊನೆಯ ಕಾಲಮ್ಮೇ ಇನ್ನೊಂದು ಹಾಳೆಗೆ ಹಾರಿಹೋಗಿರುತ್ತದೆ. ಮೊದಲ ಹಾಳೆಯಲ್ಲಿ ಪಾರ್ಟಿಗಳ ಹೆಸರು, ಐದನೆಯ ಹಾಳೆಯಲ್ಲಿ ಹೆಸರಿಲ್ಲದ ಬರೀ ಅಂಕಿಗಳು. ಸ್ಟೇಪ್ಲರ್ ಪಿನ್ ಹೊಡೆದು ಕೊಟ್ಟರೂ ಯಾವ ಮೊತ್ತ ಯಾರದು ಎಂದು ಸ್ಕೇಲ್ ಇಟ್ಟು ಹುಡುಕಬೇಕು. ಲೆಕ್ಕದಲ್ಲಿ ಒಂದು ಪೈಸೆಯೂ ತಪ್ಪಿಲ್ಲ, ಆದರೂ ವರದಿ ವಾಪಸ್ ಬರುತ್ತದೆ.

ಲೆಕ್ಕದ ತಂತ್ರಾಂಶದಲ್ಲಿ ಬೆಂಗಳೂರಿಗೆ ದೊಡ್ಡ ಹೆಸರಿದೆ. ದೇಶದ ಅಂಗಡಿ, ಕಾರ್ಖಾನೆಗಳ ಲೆಕ್ಕ ಬರೆಯುವ ಟ್ಯಾಲಿ ಇಲ್ಲಿಯದೇ. 1986ರಲ್ಲಿ ಶ್ಯಾಮ್ ಸುಂದರ್ ಗೋಯೆಂಕಾ ಮತ್ತು ಅವರ ಮಗ ಭರತ್ ಗೋಯೆಂಕಾ ಪ್ಯೂಟ್ರಾನಿಕ್ಸ್ ಎಂಬ ಹೆಸರಿನಲ್ಲಿ ಶುರುಮಾಡಿದ ಸಂಸ್ಥೆ ಅದು. ಗಿರಣಿಗಳಿಗೆ ಸಾಮಗ್ರಿ ಪೂರೈಸುತ್ತಿದ್ದ ತಂದೆಗೆ ತಮ್ಮ ವ್ಯವಹಾರಕ್ಕೆ ಒಗ್ಗುವ ತಂತ್ರಾಂಶ ಸಿಗದಿದ್ದಾಗ ಮಗ ಬರೆದುಕೊಟ್ಟದ್ದೇ ಮುಂದೆ ಟ್ಯಾಲಿ ಆಯಿತು. ಇಂಥ ಊರಿನಲ್ಲಿ ನಮೂದು ಮಾಡಲು, ಜಿಎಸ್‌ಟಿ ರಿಟರ್ನ್ ಹಾಕಲು ಕಲಿಸುವ ತರಗತಿಗಳಿಗೆ ಕೊರತೆಯಿಲ್ಲ. ಕಲಿತ ಲೆಕ್ಕವನ್ನು ಓದುವಂತೆ ಕಾಗದಕ್ಕೆ ಇಳಿಸುವುದನ್ನು ಮಾತ್ರ ಯಾರೂ ಪಾಠವೆಂದು ಹೇಳಿಕೊಡುವುದಿಲ್ಲ. ಇದು ಕಲಿಸಬೇಕಾದ ಕೆಲಸ ಎಂಬುದು ನನ್ನ ಖಚಿತ ಅಭಿಪ್ರಾಯ.

ಪರದೆಗೆ ಅಗಲದ ಹಂಗಿಲ್ಲ, ಪಕ್ಕಕ್ಕೆ ಸರಿಸುತ್ತಾ ಹೋಗಬಹುದು. ಹಾಳೆಗೆ ಅಳತೆ ಇದೆ. ಎ4 ಎಂದರೆ 210 ಮಿ.ಮೀ. ಅಗಲ, 297 ಮಿ.ಮೀ. ಉದ್ದ. ಫೈಲಿಗೆ ಹಾಕುವ ಹಾಳೆಯಾದರೆ ಎಡಗಡೆ ಪಂಚಿಂಗ್ ಮೆಷಿನ್ನಿನ ತೂತು ಬೀಳುತ್ತದೆ. ತೂತಿನ ನಡುಬಿಂದು ಅಂಚಿನಿಂದ 12 ಮಿ.ಮೀ. ಒಳಗಿರುತ್ತದೆ, ಅಗಲ 6 ಮಿ.ಮೀ. ಫೈಲ್ ತೆರೆದಾಗ ಹಾಳೆ ಬಾಗುವುದನ್ನೂ ಸೇರಿಸಿಕೊಂಡರೆ ಎಡಕ್ಕೆ 25 ಮಿ.ಮೀ. ಬಿಡುವುದು ಕ್ಷೇಮ. ಬಲಕ್ಕೆ 10 ಸಾಕು. ಉಳಿಯುವುದು 175. ಬಾಕಿದಾರರ ಪಟ್ಟಿಯನ್ನು ಇದರೊಳಗೇ ಕೂರಿಸಬೇಕು: ಪಾರ್ಟಿಯ ಹೆಸರಿಗೆ 55, ಒಟ್ಟು ಮೊತ್ತಕ್ಕೆ 30, ನಾಲ್ಕು ಅವಧಿಗಳಿಗೆ ತಲಾ 22. ಕೂಡಿದರೆ 173. ಹಾಳೆಯನ್ನು ಅಡ್ಡ ತಿರುಗಿಸದೆಯೇ ಎಲ್ಲವೂ ಹಿಡಿಸಿತು. ಒಂಬತ್ತು ಪಾಯಿಂಟಿನ ಅಕ್ಷರದಲ್ಲಿ ಹತ್ತಾರು ಲಕ್ಷದ ಮೊತ್ತ ಪೈಸೆಯ ಸಮೇತ 22 ಮಿ.ಮೀ.ನಲ್ಲಿ ಸಲೀಸಾಗಿ ಬರುತ್ತದೆ. ಫೋನ್ ನಂಬರ್, ಪಾರ್ಟಿಯ ವಿಳಾಸ, ಸೇಲ್ಸ್‌ಮನ್ ಹೆಸರು ಬ್ಯಾಂಕಿಗೆ ಬೇಕಿಲ್ಲ, ಆ ಕಾಲಂಗಳನ್ನು ಮುಲಾಜಿಲ್ಲದೆ ತೆಗೆಯಬೇಕು. ಪೆನ್ನು ಹಿಡಿದು ಈ ಕೂಡುಲೆಕ್ಕ ಮಾಡಲು ಐದು ನಿಮಿಷ ಸಾಕು. ಒಮ್ಮೆ ಕೂರಿಸಿ ಸೇವ್ ಮಾಡಿಟ್ಟರೆ ತಿಂಗಳು ತಿಂಗಳೂ ಅದೇ ನಡೆಯುತ್ತದೆ.

ಹೀಗೆ ಲೆಕ್ಕ ಹಾಕದೆ ಅನೇಕರು ಎಕ್ಸೆಲ್‌ನಲ್ಲಿ ಎಲ್ಲವನ್ನೂ ಒಂದೇ ಪುಟಕ್ಕೆ ಕುಗ್ಗಿಸುವ ಆಯ್ಕೆಯನ್ನು ಒತ್ತುತ್ತಾರೆ. ಇನ್ನೂರು ಸಾಲಿನ ಪಟ್ಟಿ ಇರುವೆ ಸಾಲಿನಂತೆ ಅಚ್ಚಾಗುತ್ತದೆ. ಅಗಲಕ್ಕೆ ಒಂದು ಪುಟ ಎಂದು ಕೊಟ್ಟು ಉದ್ದದ ಜಾಗವನ್ನು ಖಾಲಿ ಬಿಡಬೇಕು. ಆಗ ಕಾಲಂ ಒಂದೂ ಆಚೆ ಹೋಗುವುದಿಲ್ಲ, ಸಾಲುಗಳು ತಮಗೆ ಬೇಕಾದಷ್ಟು ಹಾಳೆ ತೆಗೆದುಕೊಳ್ಳುತ್ತವೆ. ಪ್ರಿಂಟ್ ಟೈಟಲ್ಸ್ ಎಂಬಲ್ಲಿ ಶೀರ್ಷಿಕೆಯ ಸಾಲನ್ನು ಗುರುತಿಸಿಟ್ಟರೆ ಅದು ಪ್ರತಿ ಪುಟದ ತಲೆಯಲ್ಲೂ ಬರುತ್ತದೆ. ಕಾಗದದ ಸೈಜು ಲೆಟರ್ ಎಂದು ಇದ್ದರೆ ಬದಲಿಸಬೇಕು. ಅಮೆರಿಕದ ಆ ಹಾಳೆ ಎ4ಗಿಂತ 6 ಮಿ.ಮೀ. ಅಗಲ, 18 ಮಿ.ಮೀ. ಗಿಡ್ಡ. ಅದಕ್ಕೆ ಹೊಂದಿಸಿದ ವರದಿಯನ್ನು ಎ4ನಲ್ಲಿ ತೆಗೆದರೆ ಬಲತುದಿಯ ಅಂಕಿ ಅಂಚಿಗೆ ಸಿಕ್ಕಿ ಕತ್ತರಿಸಿಹೋಗಬಹುದು. ಬಲತುದಿಯಲ್ಲಿ ಇರುವುದು ಹೆಚ್ಚಾಗಿ ಮೊತ್ತವೇ. ಕಂಪ್ಯೂಟರಿನ ಪ್ರದೇಶ ಭಾರತ ಎಂದಿದೆಯೇ ಎಂದೂ ನೋಡಿಕೊಳ್ಳಬೇಕು. ಇಲ್ಲದಿದ್ದರೆ 12,50,000 ಎಂದು ಬರಬೇಕಾದದ್ದು 1,250,000 ಎಂದು ಬರುತ್ತದೆ. ಲಕ್ಷ, ಕೋಟಿಯಲ್ಲಿ ಯೋಚಿಸುವ ಕಣ್ಣು ಅಲ್ಲಿ ಎಡವುತ್ತದೆ.

ಸ್ವಲ್ಪ ದೊಡ್ಡ ಕಂಪನಿಗಳು ವರದಿಗೆಂದೇ ಬೇರೆ ತಂತ್ರಾಂಶ ಬಳಸುತ್ತವೆ. ಮೈಕ್ರೋಸಾಫ್ಟ್‌ನ ರಿಪೋರ್ಟಿಂಗ್ ಸರ್ವೀಸಸ್‌ನಲ್ಲಿ ಪ್ರತಿ ಪುಟದ ನಂತರ ಒಂದು ಖಾಲಿ ಹಾಳೆ ಬರುವ ಕಾಟ ಅದನ್ನು ಬಳಸಿದವರಿಗೆಲ್ಲ ಗೊತ್ತು. ಎಷ್ಟೋ ಕಚೇರಿಗಳಲ್ಲಿ ಪ್ರಿಂಟರ್ ರಿಪೇರಿಯವನನ್ನು ಕರೆಸುತ್ತಾರೆ. ದೋಷ ಪ್ರಿಂಟರಿನದಲ್ಲ. ವರದಿಯ ಒಡಲಿನ ಅಗಲ, ಎಡ ಮತ್ತು ಬಲ ಮಾರ್ಜಿನ್ ಮೂರೂ ಕೂಡಿ ಹಾಳೆಯ ಅಗಲವನ್ನು ಮೀರಬಾರದು. ಮಾರ್ಜಿನ್ ಎರಡೂ ಕಡೆ ಒಂದೊಂದು ಸೆಂ.ಮೀ. ಇದ್ದರೆ ಒಡಲಿಗೆ ಸಿಗುವುದು 19 ಸೆಂ.ಮೀ. ಬಾಕ್ಸೊಂದನ್ನು ಮೌಸ್‌ನಲ್ಲಿ ಎಳೆಯುವಾಗ ಒಡಲು ತಾನಾಗಿ ಹಿಗ್ಗಿ 19.3 ಆಯಿತೆನ್ನಿ, ಆ ಮೂರು ಮಿ.ಮೀ. ಖಾಲಿ ಜಾಗಕ್ಕಾಗಿ ಒಂದು ಹಾಳೆಯೇ ಖರ್ಚಾಗುತ್ತದೆ. ನೂರು ಪುಟದ ವರದಿಗೆ ಇನ್ನೂರು ಹಾಳೆ.

ಕ್ರಿಸ್ಟಲ್ ರಿಪೋರ್ಟ್ಸ್‌ನಂಥ ತಂತ್ರಾಂಶದಲ್ಲಿ ಪುಟವನ್ನು ಪಟ್ಟಿಗಳಾಗಿ ಸೀಳಿರುತ್ತಾರೆ. ವರದಿಯ ತಲೆ, ಪುಟದ ತಲೆ, ಗುಂಪಿನ ತಲೆ, ವಿವರ, ಮತ್ತೆ ಗುಂಪಿನ, ಪುಟದ, ವರದಿಯ ಅಡಿ. ಇದು ಕಂಪ್ಯೂಟರ್ ಕಂಡುಹಿಡಿದದ್ದೇನೂ ಅಲ್ಲ. ಕೆಂಪು ಬಟ್ಟೆಯ ಕಿರ್ದಿ, ಖಾತೆ ಪುಸ್ತಕಗಳಲ್ಲಿ ಗುಮಾಸ್ತರು ಪುಟ ಮುಗಿದಾಗ ಅಡಿಯಲ್ಲಿ ಮೊತ್ತ ಹಾಕಿ ‘ಮುಂದಿನ ಪುಟಕ್ಕೆ’ ಎಂದು ಬರೆಯುತ್ತಿದ್ದರು. ಮುಂದಿನ ಪುಟ ‘ಹಿಂದಿನ ಪುಟದಿಂದ’ ಎಂದು ಅದೇ ಮೊತ್ತದಿಂದ ಶುರುವಾಗುತ್ತಿತ್ತು. ಹಾಳೆಯೊಂದು ಕಿತ್ತುಹೋದರೆ ಎಷ್ಟರ ಲೆಕ್ಕ ಹೋಯಿತೆಂದು ತಕ್ಷಣ ತಿಳಿಯುತ್ತಿತ್ತು. ಇಂದಿನ ಪ್ರಿಂಟ್‌ಗಳಲ್ಲಿ ಈ ಶಿಸ್ತು ಕಳೆದುಹೋಗಿರುವುದು ನನಗೆ ನಿಜಕ್ಕೂ ಬೇಸರದ ಸಂಗತಿ. ಪ್ರತಿ ಪುಟದಲ್ಲೂ ಸಂಸ್ಥೆಯ ಹೆಸರು, ಯಾವ ದಿನಾಂಕದವರೆಗಿನ ಲೆಕ್ಕ ಎಂಬುದು, ‘8ರಲ್ಲಿ 3ನೇ ಪುಟ’ ಎಂಬ ಎಣಿಕೆ ಇರಲೇಬೇಕು. ಆಡಿಟರ ಮೇಜಿನ ಮೇಲೆ ಹತ್ತು ಕಂಪನಿಗಳ ಹಾಳೆಗಳು ಒಟ್ಟಿಗೆ ಬಿದ್ದಿರುತ್ತವೆ, ಫ್ಯಾನ್ ತಿರುಗುತ್ತಿರುತ್ತದೆ.

ಕಾಮಾಕ್ಷಿಪಾಳ್ಯದ ಕಡೆ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನ ಕರಕರ ಸದ್ದು ಇನ್ನೂ ನಿಂತಿಲ್ಲ. ಅದಕ್ಕೆ ಕಾರಣವಿದೆ. ಜಿಎಸ್‌ಟಿ ನಿಯಮದಂತೆ ಸರಕಿನ ಬಿಲ್ ಮೂರು ಪ್ರತಿ ಆಗಬೇಕು: ಕೊಂಡವರಿಗೊಂದು, ಸಾಗಿಸುವವರಿಗೊಂದು, ಮಾರಿದವರಿಗೊಂದು. ಸೂಜಿಯಿಂದ ರಿಬ್ಬನ್ನಿಗೆ ಹೊಡೆಯುವ ಯಂತ್ರದಲ್ಲಿ ಕಾರ್ಬನ್ ಇಟ್ಟ ಮೂರೂ ಪ್ರತಿ ಒಂದೇ ಏಟಿಗೆ ಬರುತ್ತವೆ. ಇದರ ಅಳತೆಯೇ ಬೇರೆ, ಇಲ್ಲಿ ಲೆಕ್ಕ ಸಾಲುಗಳದ್ದು. ಇಂಚಿಗೆ ಆರು ಸಾಲು, 12 ಇಂಚಿನ ಕಾಗದಕ್ಕೆ 72 ಸಾಲು. ತಂತ್ರಾಂಶದಲ್ಲಿ 11 ಇಂಚು, ಅಂದರೆ 66 ಸಾಲು ಎಂದು ಉಳಿದುಬಿಟ್ಟರೆ ಎರಡನೆಯ ಬಿಲ್ಲು ಒಂದಿಂಚು ಮೇಲೆ ಶುರುವಾಗುತ್ತದೆ, ಮೂರನೆಯದು ಎರಡಿಂಚು. ಬಿಲ್ಲಿನ ಮೊತ್ತ ಒಂದು ಹಾಳೆಯಲ್ಲಿ, ಸಹಿಯ ಜಾಗ ಹರಿಯುವ ಗೆರೆಯ ಆಚೆ. ಹದಿಮೂರನೆಯ ಬಿಲ್ಲಿಗೆ ಮತ್ತೆ ಸರಿಯಾಗಿ ಗೆರೆಯ ಮೇಲೆ ಬಂದು ನಿಲ್ಲುತ್ತದೆ. ಇದನ್ನು ಕಂಡವರು ಯಂತ್ರ ತಾನೇ ಸರಿಹೋಯಿತೆಂದು ಸುಮ್ಮನಾಗುತ್ತಾರೆ, ಹದಿನಾಲ್ಕಕ್ಕೆ ಮತ್ತೆ ಜಾರುತ್ತದೆ. ವರ್ಷದ ವಹಿವಾಟು 5 ಕೋಟಿ ದಾಟಿದ ಸಂಸ್ಥೆಗಳು 2023ರ ಆಗಸ್ಟ್‌ನಿಂದ ಇತರ ವ್ಯಾಪಾರಿಗಳಿಗೆ ಇ-ಇನ್‌ವಾಯ್ಸ್ ಮಾಡಲೇಬೇಕಾಗಿದೆ. ಅದರ ಕ್ಯೂಆರ್ ಕೋಡ್ ಸ್ಕ್ಯಾನ್ ಆಗುವಷ್ಟು ದೊಡ್ಡದಾಗಿ, ಸ್ಪಷ್ಟವಾಗಿ ಬರಬೇಕು. ಬಿಲ್ಲನ್ನು ಕುಗ್ಗಿಸಿ ಹಾಳೆಗೆ ತುರುಕಿದರೆ ಮೊದಲು ಕೆಡುವುದು ಈ ಚೌಕವೇ.

ಇನ್ನು ಕನ್ನಡದ ಮಾತು. ಪತ್ತಿನ ಸಹಕಾರ ಸಂಘಗಳು ವಾರ್ಷಿಕ ವರದಿಯನ್ನು ಕನ್ನಡದಲ್ಲೇ ಅಚ್ಚು ಹಾಕಿಸುತ್ತವೆ. ಲಾಭ-ನಷ್ಟ ತಃಖ್ತೆ, ಅಢಾವೆ ಪತ್ರಿಕೆ, ಠೇವಣಿ ಮತ್ತು ಸಾಲದ ಪಟ್ಟಿ, ಸದಸ್ಯರ ಹೆಸರು. ವರದಿ ತಂತ್ರಾಂಶಗಳ ಸಾಲಿನ ಎತ್ತರವನ್ನು ಇಂಗ್ಲಿಷ್ ಅಕ್ಷರಕ್ಕೆ ತಕ್ಕಂತೆ ಇಟ್ಟಿರುತ್ತಾರೆ. ಆ ಎತ್ತರವನ್ನು ಹಾಗೇ ಬಿಗಿಮಾಡಿಟ್ಟರೆ ಕನ್ನಡದ ಒತ್ತಕ್ಷರ ಸಾಲಿನ ಕೆಳಗೆ ಕತ್ತರಿಸಿಹೋಗುತ್ತದೆ. ಪಟ್ಟಿಯಲ್ಲಿ ಲಕ್ಷ್ಮಮ್ಮ ‘ಲಕಮ’ ಆಗುತ್ತಾರೆ, ಅಪ್ಪಣ್ಣ ‘ಅಪಣ’ ಆಗುತ್ತಾರೆ. ದುಡ್ಡು ಕೂಡಿಟ್ಟ ಸದಸ್ಯರ ಹೆಸರನ್ನು ಸಂಘವೇ ಹೀಗೆ ಅಚ್ಚು ಹಾಕಬಾರದು. ಇಂಗ್ಲಿಷಿಗೆ ಕೊಡುವ ಸಾಲಿನೆತ್ತರಕ್ಕಿಂತ ಸುಮಾರು ಒಂದೂವರೆ ಪಟ್ಟು ಕೊಟ್ಟರೆ ‘ರಾಷ್ಟ್ರೀಯ’ದಂಥ ಎರಡು ಒತ್ತಿನ ಪದವೂ ನಿರಾಳವಾಗಿ ನಿಲ್ಲುತ್ತದೆ. ಪುಟ ಹೆಚ್ಚಾಗುತ್ತದೆ, ನಿಜ. ಆಗಲಿ.

ಅಕ್ಷರ ವಿನ್ಯಾಸದ ತೊಡಕು ಬೇರೆ. ಹಳೆಯ ಎನ್‌ಕೋಡಿಂಗಿನ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಹೆಸರುಗಳು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಗುರುತುಗಳಾಗುತ್ತವೆ. ಯೂನಿಕೋಡ್‌ನಲ್ಲಿ ಬರೆದರೂ ವರದಿ ತಯಾರಿಸುವ ಯಂತ್ರದಲ್ಲಿ ತುಂಗಾ, ನಿರ್ಮಲಾ ಅಥವಾ ನೋಟೋದಂಥ ಕನ್ನಡ ಫಾಂಟ್ ಇರಬೇಕು, ಪಿಡಿಎಫ್ ಮಾಡುವಾಗ ಅದನ್ನು ಕಡತದೊಳಗೇ ಸೇರಿಸಬೇಕು. ಇಲ್ಲದಿದ್ದರೆ ಕಚೇರಿಯಲ್ಲಿ ಚೆನ್ನಾಗಿ ಕಂಡದ್ದು ವಿಜಯನಗರದ ಜೆರಾಕ್ಸ್ ಅಂಗಡಿಯಲ್ಲಿ ಸಾಲು ಸಾಲು ಖಾಲಿ ಚೌಕವಾಗಿ ಬರಬಹುದು.

ರಾಜ್ಯದ ಸಣ್ಣ ಉದ್ದಿಮೆದಾರರ ಸಂಘ ಕಾಸಿಯಾದ ಕಚೇರಿ ವಿಜಯನಗರದಲ್ಲಿದೆ. 1949ರಲ್ಲಿ ಹುಟ್ಟಿದ ಸಂಸ್ಥೆ. ಉದ್ದಿಮೆದಾರರಿಗೆ ನಡೆಸುವ ತರಬೇತಿಗಳಲ್ಲಿ ಒಂದು ಮಧ್ಯಾಹ್ನವನ್ನು ಈ ವಿಷಯಕ್ಕೆ ಮೀಸಲಿಟ್ಟರೆ ಪಶ್ಚಿಮ ಬೆಂಗಳೂರಿನ ಎಷ್ಟೋ ಅಕೌಂಟೆಂಟರಿಗೆ ಉಪಕಾರವಾದೀತು. ಸಹಕಾರ ಸಂಘಗಳಿಗೂ ಒಂದು ಕೋರಿಕೆ. ಸೆಪ್ಟೆಂಬರಿನ ಸರ್ವಸದಸ್ಯರ ಸಭೆಗೆ ವರದಿಯನ್ನು ಅಚ್ಚಿಗೆ ಕೊಡುವ ಮೊದಲು ಸದಸ್ಯರ ಪಟ್ಟಿಯ ಒಂದು ಹಾಳೆ, ಅಢಾವೆ ಪತ್ರಿಕೆಯ ಒಂದು ಹಾಳೆ ಪ್ರಿಂಟ್ ತೆಗೆದು, ಅರವತ್ತು ದಾಟಿದ ಸದಸ್ಯರೊಬ್ಬರ ಕೈಗೆ ಕೊಟ್ಟು ಗಟ್ಟಿಯಾಗಿ ಓದಿಸಿ. ಅವರು ತಡವರಿಸಿದ ಕಡೆಯಲ್ಲೆಲ್ಲ ಅಕ್ಷರವನ್ನೋ ಅಗಲವನ್ನೋ ಸರಿಪಡಿಸಿ, ಆಮೇಲೆ ಸಾವಿರ ಪ್ರತಿ ಹಾಕಿಸಿ.