ಗಡಿ ದಾಟಿದರೆ ಬದಲಾಗುವ ಇಸ್ಪೀಟು: ಪೋಕರ್‌ಗೆ ಕಾಯ್ದೆಯಲ್ಲಿ ಸ್ಪಷ್ಟ ಸ್ಥಾನ ಬೇಕು

1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಬೀದರ ಜಿಲ್ಲೆಯ ಉದಗೀರ, ನಿಲಂಗಾ ಮತ್ತು ಅಹ್ಮದಪುರ ತಾಲ್ಲೂಕುಗಳು ಮುಂಬೈ ರಾಜ್ಯಕ್ಕೂ, ಭಾಲ್ಕಿ, ಔರಾದ, ಹುಮನಾಬಾದಗಳು ಮೈಸೂರಿಗೂ ಸೇರಿದವು. ಉಸ್ಮಾನಾಬಾದ್ ಜಿಲ್ಲೆಯ ಉಮರ್ಗಾ ಕೂಡ ಮುಂಬೈ ರಾಜ್ಯಕ್ಕೇ, ಅಂದರೆ ಇಂದಿನ ಮಹಾರಾಷ್ಟ್ರದ ಕಡೆಗೇ, ಹೋಯಿತು. ನೆಂಟಸ್ತಿಕೆ, ಸಂತೆ, ಕನ್ನಡ-ಮರಾಠಿ ಬೆರೆತ ಮಾತು ಇವೆಲ್ಲ ಗಡಿಯ ಎರಡೂ ಬದಿಗೆ ಉಳಿದುಕೊಂಡರೂ ಕಾನೂನು ಮಾತ್ರ ಎರಡಾಯಿತು. ಇಸ್ಪೀಟಾಟಕ್ಕೆ ಸಂಬಂಧಿಸಿದ ಕಾನೂನೂ ಅದರಲ್ಲೊಂದು.

ಅದಕ್ಕೂ ಮೊದಲು ಈ ತಾಲ್ಲೂಕುಗಳೆಲ್ಲ ಸೇರಿದ್ದ ನಿಜಾಮರ ಸೀಮೆಗೆ ಒಂದೇ ಕಾಯ್ದೆಯಿತ್ತು. ಫಸಲಿ 1305ರ ಆ ಹೈದರಾಬಾದ್ ಜೂಜು ಕಾಯ್ದೆಯಡಿ ಸಿಕಂದರಾಬಾದಿನ ಕ್ಲಬ್ಬೊಂದರ ಮೇಲೆ ಹೂಡಲಾದ ಮೊಕದ್ದಮೆಯಲ್ಲಿ, ರಮ್ಮಿಯಲ್ಲಿ ಬಿದ್ದ ಎಲೆಗಳನ್ನು ನೆನಪಿಡಬೇಕು, ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂದು ಅರಿತಿರಬೇಕು, ಆದ್ದರಿಂದ ಅದು ಪ್ರಧಾನವಾಗಿ ಕೌಶಲದ ಆಟವೆಂದು ಸುಪ್ರೀಂ ಕೋರ್ಟು 1967ರಲ್ಲಿ ಹೇಳಿತು. ಮೂರೆಲೆಯಾಟ ಕೇವಲ ಅದೃಷ್ಟದ್ದೆಂದೂ, ಆಟದ ಹಣದಿಂದ ಕ್ಲಬ್ಬು ಲಾಭ ಮಾಡಿಕೊಂಡರೆ ಅಪರಾಧವಾಗಬಹುದೆಂದೂ ಅದೇ ತೀರ್ಪು ಎಚ್ಚರಿಸಿತು.

ಈ ಅಳತೆಗೋಲನ್ನು ಪೋಕರ್‌ಗೆ ಹಿಡಿದು ನೋಡಬೇಕು. ಅದರ ಹೆಚ್ಚು ಬಳಕೆಯ ಬಗೆಯಲ್ಲಿ ಪ್ರತಿಯೊಬ್ಬರಿಗೂ ಎರಡು ಎಲೆಗಳನ್ನು ಮುಚ್ಚಿ ಕೊಟ್ಟು, ಎಲ್ಲರಿಗೂ ಸೇರಿದ ಐದು ಎಲೆಗಳನ್ನು ಮೇಜಿನ ಮೇಲೆ ಮೊದಲು ಮೂರು, ಬಳಿಕ ಒಂದು, ಕೊನೆಗೆ ಇನ್ನೊಂದು ಎಂದು ತೆರೆಯುತ್ತಾರೆ. ಪ್ರತಿ ಸುತ್ತಿನಲ್ಲೂ ಪಣ ಏರಿಸಬಹುದು, ಸರಿಗಟ್ಟಬಹುದು, ಇಲ್ಲವೇ ಎಲೆ ಮಡಚಿ ಹೊರಬೀಳಬಹುದು. ಕೆಟ್ಟ ಎಲೆ ಬಂದವನು ಎದುರಾಳಿಯ ನಡೆಯನ್ನು ಓದಿ ಗೆಲ್ಲುವುದೂ, ಒಳ್ಳೆಯ ಎಲೆಯಿದ್ದವನು ಲೆಕ್ಕ ತಪ್ಪಿ ಸೋಲುವುದೂ ಇಲ್ಲಿ ಸಾಮಾನ್ಯ. ಎಲೆ ಎತ್ತ ಬೀಳುವುದೋ ಎಂದು ಕಾಯುವುದಷ್ಟೇ ಇರುವ ಅಂದರ್-ಬಾಹರ್‌ನೊಡನೆ ಇದನ್ನು ಒಂದೇ ಸಾಲಿಗೆ ನಿಲ್ಲಿಸುವುದು ನ್ಯಾಯವಲ್ಲ.

ಕರ್ನಾಟಕ ಹೈಕೋರ್ಟು 2013ರಲ್ಲಿ, ಕೌಶಲದ ಆಟವಾಗಿ ಆಡುವ ಪೋಕರ್‌ಗೆ ಪರವಾನಗಿ ಬೇಕಿಲ್ಲವೆಂದಿತು. ಮಹಾರಾಷ್ಟ್ರದಲ್ಲಿ 1887ರ ಜೂಜು ತಡೆ ಕಾಯ್ದೆಯ 13ನೇ ಕಲಮು ಕೇವಲ ಕೌಶಲದ ಆಟಗಳಿಗೆ ವಿನಾಯಿತಿ ಕೊಡುತ್ತದೆಯಾದರೂ ಪೋಕರ್‌ನ ಹೆಸರೆತ್ತುವುದಿಲ್ಲ. ಹೀಗಾಗಿ ಉಮರ್ಗಾದ ಮೇಜಿನ ಸುತ್ತ ಕುಳಿತವರು ಅಪರಾಧಿಗಳೋ ಅಲ್ಲವೋ ಎಂಬುದು ಮೊದಲಿಗೆ ದಾಳಿಗೆ ಬಂದ ಅಧಿಕಾರಿಯ ಗ್ರಹಿಕೆಗೆ ಬಿಟ್ಟದ್ದಾಗುತ್ತದೆ. ಗುಜರಾತ್ ಹೈಕೋರ್ಟು 2017ರಲ್ಲಿ ಪೋಕರ್ ಜೂಜೇ ಎಂದಿರುವುದರಿಂದ ಈ ಗೊಂದಲ ಕಲ್ಪಿತವಲ್ಲ. ಪಶ್ಚಿಮ ಬಂಗಾಳವಾದರೋ ತನ್ನ 1957ರ ಕಾಯ್ದೆಯಲ್ಲೇ ಬ್ರಿಜ್, ರಮ್ಮಿಗಳ ಜೊತೆ ಪೋಕರ್ ಅನ್ನೂ ಹೆಸರಿಸಿ ಜೂಜಿನ ವ್ಯಾಖ್ಯೆಯಿಂದ ಹೊರಗಿಟ್ಟಿದೆ.

ಪೋಕರ್ ಕೇಳುವುದೆಂದರೆ ಕ್ಯಾಸಿನೊ ಕೇಳುವುದಲ್ಲ. ಮಹಾರಾಷ್ಟ್ರ 1976ರಲ್ಲಿ ಮಾಡಿ ಎಂದೂ ಜಾರಿಗೆ ತರದ ಕ್ಯಾಸಿನೊ ಕಾಯ್ದೆಯನ್ನು 2023ರಲ್ಲಿ ರದ್ದುಪಡಿಸಿದ್ದು ಸರಿಯಾದ ನಿರ್ಧಾರ. ಕ್ಯಾಸಿನೊದ ಚಕ್ರದಾಟದಲ್ಲಿ ಆಟಗಾರನ ಎದುರಾಳಿ ಆಟ ನಡೆಸುವ ಒಡೆಯನೇ. ಪೋಕರ್‌ನಲ್ಲಿ ಆಟಗಾರರೇ ಪರಸ್ಪರ ಎದುರಾಳಿಗಳು. ಅಮೆರಿಕದ ಬುಡಕಟ್ಟುಗಳ ಹೋರಾಟದಲ್ಲಿ ಈ ಭೇದಕ್ಕೆ ಮನ್ನಣೆ ದೊರೆಯಿತು: ಕ್ಯಾಲಿಫೋರ್ನಿಯಾದ ಕಬಝಾನ್ ಬುಡಕಟ್ಟು ತನ್ನ ನೆಲದಲ್ಲಿ ನಡೆಸುತ್ತಿದ್ದ ಬಿಂಗೊ ಮತ್ತು ಪೋಕರ್ ಕೊಠಡಿಯನ್ನು ರಾಜ್ಯ ನಿಯಂತ್ರಿಸಲಾಗದೆಂದು ಅಲ್ಲಿನ ಸುಪ್ರೀಂ ಕೋರ್ಟು 1987ರಲ್ಲಿ ತೀರ್ಮಾನಿಸಿತು, ಮರುವರ್ಷದ ಕಾಯ್ದೆಯು ಆಟ ನಡೆಸುವ ಒಡೆಯ ಪಾಲುಗೊಳ್ಳದ ಎಲೆಯಾಟಗಳನ್ನು ಕ್ಯಾಸಿನೊ ಆಟಗಳಿಂದ ಬೇರೆ ವರ್ಗಕ್ಕೆ ಸೇರಿಸಿತು.

ಸಾಲ ಮಾಡಿ ಆಡಿ ಹಾಳಾದ ಮನೆಗಳ ಸಂಕಟ ಸುಳ್ಳಲ್ಲ, ಆನ್‌ಲೈನ್ ಹಣದಾಟಗಳನ್ನು ಕೌಶಲ, ಅದೃಷ್ಟ ಎಂಬ ಭೇದವಿಲ್ಲದೆ ನಿಷೇಧಿಸಿದ 2025ರ ಕೇಂದ್ರ ಕಾಯ್ದೆಯ ಹಿಂದೆಯೂ ಆ ಸಂಕಟವೇ ಇದೆ. ಆದರೆ ಹತ್ತು ಜನರ ಕಣ್ಣೆದುರು, ಪಣಕ್ಕೆ ಮಿತಿಯಿಟ್ಟು, ಕುರ್ಚಿ-ಬೆಳಕಿನ ಖರ್ಚಿನಷ್ಟೇ ಶುಲ್ಕ ಪಡೆದು, ಉದ್ರಿ ಕೊಡದೆ ನಡೆಸುವ ಮೇಜಿನ ಮೇಲೆ ನಿಗಾ ಇಡುವುದು ಹೊಲದ ಅಂಚಿನ ಕತ್ತಲೆಯ ಆಟದ ಮೇಲೆ ನಿಗಾ ಇಡುವುದಕ್ಕಿಂತ ಸುಲಭ. ಮುಂಬೈಯ ಶಾಸನಸಭೆಯು ಇವೇ ಷರತ್ತುಗಳೊಂದಿಗೆ 13ನೇ ಕಲಮಿಗೆ ಪೋಕರ್‌ನ ಹೆಸರು ಸೇರಿಸಬೇಕು, ಆ ಗಡಿ ತಾಲ್ಲೂಕುಗಳು ಈಗ ಸೇರಿರುವ ಲಾತೂರ ಮತ್ತು ಧಾರಾಶಿವದ (ಹಿಂದಿನ ಉಸ್ಮಾನಾಬಾದ್) ಜಿಲ್ಲಾಡಳಿತಗಳು ಆ ಶಿಫಾರಸನ್ನು ತಾವೇ ಮುಂದಾಗಿ ಕಳಿಸಬೇಕು.