ಪಾಟೀಲ ಎಂಬ ಹೆಸರು

ಆಳಂದ ತಾಲೂಕಿನ ಮಾದನಹಿಪ್ಪರಗಾದ ಸುತ್ತಿನ ಸೀಮೆಯಲ್ಲಿ 'ಪಾಟೀಲ' ಎಂಬ ಅಡ್ಡಹೆಸರು ಮತ್ತೆ ಮತ್ತೆ ಕೇಳಿಬರುತ್ತದೆ. ಹಾಗಾದರೆ ಪಾಟೀಲರೆಲ್ಲರೂ ಒಂದೇ ಮನೆತನದವರೆ? ಅಲ್ಲ. ಇದು ಹುದ್ದೆಯಿಂದ ಬಂದ ಹೆಸರು.

'ಪಟ್ಟಕಿಲ' ಎಂಬ ಹಳೆಯ ಶಾಸನಪದದಿಂದ ಇದು ಹುಟ್ಟಿತೆಂದು ವಿದ್ವಾಂಸರು ಹೇಳುತ್ತಾರೆ. ಪಾಟೀಲನೆಂದರೆ ಊರಿನ ಮುಖ್ಯಸ್ಥ. ಹೈದರಾಬಾದ್ ಸಂಸ್ಥಾನದಲ್ಲಿ ಈ ಹೊಣೆ ಇಬ್ಬರಲ್ಲಿ ಹಂಚಿಹೋಗಿತ್ತು. ಕಂದಾಯ ವಸೂಲು ಮಾಡುವವನು ಮಾಲಿಪಾಟೀಲ. ಊರಿನ ಶಾಂತಿ ಕಾಯುವವನು ಪೊಲೀಸ್ ಪಾಟೀಲ. ಹುದ್ದೆಯು ತಂದೆಯಿಂದ ಮಗನಿಗೆ ಸಾಗಿದಂತೆ ಹೆಸರೂ ಮನೆತನಕ್ಕೆ ಅಂಟಿಕೊಂಡಿತು.

ಆದರೆ ಅಧಿಕಾರವು ಹುಟ್ಟಿನಿಂದಲೇ ದೊರೆಯುವುದು ಪ್ರಜಾಪ್ರಭುತ್ವಕ್ಕೆ ಒಪ್ಪುವುದೆ? 1961ರಲ್ಲಿ ರಚಿತವಾದ ಗ್ರಾಮ ಹುದ್ದೆಗಳ ರದ್ದತಿಯ ಕಾಯಿದೆ 1963ರಲ್ಲಿ ಜಾರಿಗೆ ಬಂದು ವಂಶಪಾರಂಪರ್ಯದ ಹುದ್ದೆಗಳನ್ನು ಕೊನೆಗಾಣಿಸಿತು. ಹುದ್ದೆ ಹೋಯಿತು, ಹೆಸರು ಉಳಿಯಿತು.

ಚಿಂಚೋಳಿಯ ವೀರೇಂದ್ರ ಪಾಟೀಲರು (1924–1997) ಜನರ ಮತದಿಂದ ಆರಿಸಿಬಂದು ಎರಡು ಬಾರಿ ರಾಜ್ಯದ ಮುಖ್ಯಮಂತ್ರಿಗಳಾದರು. ನೆರೆಯ ಮಹಾರಾಷ್ಟ್ರದ ಕರ್ಮವೀರ ಭಾವುರಾವ್ ಪಾಟೀಲರು (1887–1959) 1919ರಲ್ಲಿ ರಯತ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿದರು; ಜಾತಿಭೇದವಿಲ್ಲದೆ ಬಡಮಕ್ಕಳಿಗೆ ಅನ್ನ, ಆಶ್ರಯ, ವಿದ್ಯೆಗಳನ್ನು ಒದಗಿಸಿದರು. ಇವರ ಕೀರ್ತಿಗೆ ಹಳೆಯ ಗೌಡಿಕೆ ಕಾರಣವಲ್ಲ, ದುಡಿಮೆಯೇ ಕಾರಣ.

ಅಡ್ಡಹೆಸರು ಹಿರಿಯರಿಂದ ಬರುತ್ತದೆ. ಒಳ್ಳೆಯ ಹೆಸರನ್ನು ಮಾತ್ರ ಅವರವರೇ ದುಡಿದು ಪಡೆಯಬೇಕು.