ಮತ್ತೆ ಮತ್ತೆ ಕೀವಾಗುವ ಕಾಲುಗುರು: ಸಣ್ಣ ಶಸ್ತ್ರಕ್ರಿಯೆಯಿಂದ ಪರಿಹಾರ

ಭದ್ರಾ ನಾಲೆಯ ನೀರಿನಿಂದ ಹರಿಹರ ಮತ್ತು ದಾವಣಗೆರೆ ತಾಲ್ಲೂಕುಗಳ ಎಷ್ಟೋ ಹಳ್ಳಿಗಳಲ್ಲಿ ವರ್ಷಕ್ಕೆ ಎರಡು ಬೆಳೆ ಭತ್ತ ಬೆಳೆಯುವುದುಂಟು. ಭತ್ತ ಬೆಳೆಯುವವರ ಕಾಲು ಕೆಸರಿನಲ್ಲಿಯೇ ಇರುತ್ತದೆ. ಆದರೂ ಎತ್ತಿನ ಗೊರಸಿಗೆ ಕೊಡುವಷ್ಟು ಗಮನವನ್ನು ನಾವು ನಮ್ಮ ಕಾಲಿಗೆ ಕೊಡುವುದಿಲ್ಲ. ಹೆಬ್ಬೆರಳಿನ ಉಗುರು ಮಾಂಸದೊಳಗೆ ನಾಟಿ, ಊದಿ, ಕೀವಾಗಿ, ಕುಂಟುತ್ತ ಗದ್ದೆಗೆ ಹೋಗುವವರು ಸಾರಥಿಯಂತಹ ಪ್ರತಿ ಹಳ್ಳಿಯಲ್ಲಿಯೂ ಇರಬಹುದು. ಬಿಗಿಯಾದ ಬೂಟು ಹಾಕಿಕೊಂಡು ಕಾರ್ಖಾನೆಗೆ ಹೋಗುವ ಹುಡುಗರಿಗೂ ಈ ತೊಂದರೆ ತಪ್ಪಿದ್ದಲ್ಲ.

ಇದು ಏಕೆ ಬರುತ್ತದೆ?

ಉಗುರಿನ ಮೂಲೆಗಳನ್ನು ಗುಂಡಗೆ, ತೀರ ಆಳಕ್ಕೆ ಕತ್ತರಿಸುವುದು ಮುಖ್ಯ ಕಾರಣ. ಬ್ಲೇಡಿನಿಂದ ಮೂಲೆ ಕೆತ್ತುವಾಗ ಒಂದು ಚೂಪಾದ ಸಿಬಿರು ಒಳಗೆ ಉಳಿಯುತ್ತದೆ. ಉಗುರು ಮುಂದಕ್ಕೆ ಬೆಳೆದಂತೆ ಈ ಸಿಬಿರು ಮುಳ್ಳಿನಂತೆ ಮಾಂಸಕ್ಕೆ ಚುಚ್ಚುತ್ತದೆ. ಬೆರಳನ್ನು ಒತ್ತುವ ಪಾದರಕ್ಷೆ, ಕಲ್ಲು ಎಡವಿದ ಪೆಟ್ಟು, ಸದಾ ನೀರಿನಲ್ಲಿ ನೆನೆದು ಮೆತ್ತಗಾದ ಚರ್ಮ ಇವೂ ಇದಕ್ಕೆ ಸಹಾಯಕವಾಗುತ್ತವೆ. ಚುಚ್ಚಿದ ಜಾಗ ಕೆಂಪಾಗಿ ಊದುತ್ತದೆ; ಆಮೇಲೆ ಕೀವು ಬರುತ್ತದೆ; ಕೊನೆಗೆ ಉಗುರಿನ ಪಕ್ಕದಲ್ಲಿ, ಮುಟ್ಟಿದರೆ ರಕ್ತ ಬರುವ ಕೆಂಪು ಮಾಂಸ ಬೆಳೆಯುತ್ತದೆ.

ಮೊದಲ ಹಂತದಲ್ಲಿ ಮಾಡತಕ್ಕದ್ದು

ನೋವು ಆಗತಾನೆ ಆರಂಭವಾಗಿದ್ದರೆ ಮನೆಯಲ್ಲಿಯೇ ಗುಣಪಡಿಸಿಕೊಳ್ಳಬಹುದು. ಉಗುರು ಬೆಚ್ಚಗಿನ ಉಪ್ಪು ನೀರಿನಲ್ಲಿ ದಿನಕ್ಕೆ ಎರಡು ಮೂರು ಸಲ, ೧೫ ನಿಮಿಷ ಕಾಲಿಟ್ಟು, ಚೆನ್ನಾಗಿ ಒರೆಸಿ ಒಣಗಿಸಬೇಕು. ಚರ್ಮ ಮೆತ್ತಗಾದಾಗ ಉಗುರಿನ ಮೂಲೆಯ ಕೆಳಗೆ ಶುದ್ಧ ಹತ್ತಿಯ ಸಣ್ಣ ಎಳೆಯನ್ನು ಇಟ್ಟು, ಪ್ರತಿದಿನ ಬದಲಿಸಬೇಕು. ಉಗುರು ಬೆರಳ ತುದಿಯನ್ನು ದಾಟಿ ಬೆಳೆಯುವವರೆಗೆ ಮೂಲೆಯನ್ನು ಕತ್ತರಿಸಕೂಡದು.

ಸಕ್ಕರೆ ಕಾಯಿಲೆಯವರು ಈ ಉಪಚಾರಕ್ಕೂ ಕೈ ಹಾಕದೆ ನೇರವಾಗಿ ವೈದ್ಯರಲ್ಲಿಗೆ ಹೋಗಬೇಕು. ಅವರ ಪಾದಕ್ಕೆ ಸ್ಪರ್ಶಜ್ಞಾನ ಕಡಿಮೆಯಾಗಿದ್ದರೆ ನೀರಿನ ಬಿಸಿ ತಿಳಿಯದೆ ಸುಟ್ಟೀತು. ಸಣ್ಣ ಹುಣ್ಣೂ ಬೆರಳನ್ನೇ ಕಳೆಯುವ ಮಟ್ಟಕ್ಕೆ ಹೋದೀತು.

ಮತ್ತೆ ಮತ್ತೆ ಏಕೆ ಮರುಕಳಿಸುತ್ತದೆ?

ಮಾತ್ರೆ ನುಂಗಿದಾಗ ಕೀವು ತಗ್ಗುತ್ತದೆ, ಬಿಟ್ಟೊಡನೆ ಮತ್ತೆ ಬರುತ್ತದೆ. ಮುಳ್ಳನ್ನು ಒಳಗೇ ಬಿಟ್ಟು ಮೇಲೆ ಮುಲಾಮು ಹಚ್ಚಿದರೆ ಆಗುವುದೂ ಇದೇ. ಇಡೀ ಉಗುರನ್ನು ಕೀಳಿಸಿದರೂ ಅನೇಕರಿಗೆ ರೋಗ ಮರಳುತ್ತದೆ. ಬದುವಿನ ಗರಿಕೆಯನ್ನು ಮೇಲೆ ಕೊಯ್ದರೆ ಬೇರಿನಿಂದ ಮತ್ತೆ ಚಿಗುರುವುದನ್ನು ರೈತರಿಗೆ ಹೇಳಿಕೊಡಬೇಕಾಗಿಲ್ಲ. ಉಗುರಿಗೂ ಬೇರಿದೆ. ಅದು ಉಗುರಿನ ಹಿಂಭಾಗದಲ್ಲಿ, ಚರ್ಮದ ಅಡಿಯಲ್ಲಿರುತ್ತದೆ. ಚುಚ್ಚುವ ಅಂಚಿನ ಬೇರನ್ನು ನಾಶಮಾಡದೆ ಹಳೆಯ ರೋಗ ನಿಲ್ಲುವುದು ಕಷ್ಟ.

ಶಸ್ತ್ರಕ್ರಿಯೆ ಹೇಗೆ ನಡೆಯುತ್ತದೆ?

ಇದಕ್ಕೆ ಪ್ರಜ್ಞೆ ತಪ್ಪಿಸಬೇಕಾಗಿಲ್ಲ. ವೈದ್ಯರು ಬೆರಳಿನ ಬುಡದ ಎರಡೂ ಪಕ್ಕಗಳಲ್ಲಿ ಮರಗಟ್ಟಿಸುವ ಚುಚ್ಚುಮದ್ದು ಕೊಡುತ್ತಾರೆ. ಸೂಜಿ ಚುಚ್ಚುವಾಗ ಉರಿಯುವುದು ನಿಜ. ಅನಂತರ ನೋವು ತಿಳಿಯುವುದಿಲ್ಲ. ಬೆರಳ ಬುಡಕ್ಕೆ ರಬ್ಬರು ಪಟ್ಟಿ ಕಟ್ಟಿ ರಕ್ತ ತಡೆದು, ನಾಟಿದ ಪಕ್ಕದ ಉಗುರನ್ನು ಮಾತ್ರ, ಕೆಲವೇ ಮಿಲಿಮೀಟರು ಅಗಲದ ಪಟ್ಟಿಯಾಗಿ, ಬುಡದವರೆಗೆ ಸೀಳಿ ತೆಗೆಯುತ್ತಾರೆ. ಆಮೇಲೆ ಆ ಜಾಗದ ಬೇರಿಗೆ ಫೀನಾಲ್ ಎಂಬ ಮದ್ದನ್ನು ಒಂದೆರಡು ನಿಮಿಷ ಹಚ್ಚಿ ಅದನ್ನು ಸುಡುತ್ತಾರೆ. ಈ ವಿಧಾನ ೧೯೪೫ರಿಂದ ಬಳಕೆಯಲ್ಲಿದೆ. ಉಗುರನ್ನು ಬರಿದೇ ತೆಗೆಯುವುದಕ್ಕಿಂತ ಇದರಲ್ಲಿ ರೋಗ ಮರುಕಳಿಸುವುದು ಬಹಳ ಕಡಿಮೆ. ಉಳಿದ ಉಗುರು ಸ್ವಲ್ಪ ಕಿರಿದಾಗಿ, ಎಂದಿನಂತೆ ಬೆಳೆಯುತ್ತದೆ. ರೋಗಿ ಅದೇ ದಿನ ಮನೆಗೆ ಹೋಗಬಹುದು. ಆದರೆ ತಾನೇ ಬೈಕು ಓಡಿಸದೆ, ಒಬ್ಬರನ್ನು ಜೊತೆಗೆ ಕರೆತರುವುದು ಒಳ್ಳೆಯದು.

ಒಂದು ಎಚ್ಚರಿಕೆ: ಮನೆಯಲ್ಲಿ ನೆಲ ತೊಳೆಯಲು ಬಳಸುವ ಫಿನಾಯಿಲ್ ಈ ಮದ್ದಲ್ಲ. ಅದನ್ನಾಗಲಿ, ಆಸಿಡ್ಡನ್ನಾಗಲಿ ಬೆರಳಿಗೆ ಹಚ್ಚಕೂಡದು.

ಯಾವಾಗ ಮಾಡಿಸಿಕೊಳ್ಳಬೇಕು?

ಗಾಯ ಮಾಯಲು ಸಾಮಾನ್ಯವಾಗಿ ಮೂರರಿಂದ ಆರು ವಾರ ಬೇಕು. ಅಷ್ಟು ದಿನ ಸ್ವಲ್ಪ ನೀರು ಒಸರುವುದು ಸಹಜ. ಆ ಅವಧಿಯಲ್ಲಿ ಕೆಸರು ಗದ್ದೆಗೆ, ಕೊಟ್ಟಿಗೆಯ ಗಂಜಲಕ್ಕೆ ಕಾಲಿಡಕೂಡದು. ಆದಕಾರಣ ಅವಸರವಿಲ್ಲದಿದ್ದರೆ, ಕಟಾವು ಮುಗಿದು ಮುಂದಿನ ನಾಟಿಗೆ ಇನ್ನೂ ಬಿಡುವಿರುವ ಕಾಲವನ್ನು ಆರಿಸಿಕೊಳ್ಳುವುದು ಲೇಸು. ಮಣ್ಣು ಮತ್ತು ಸಗಣಿಯಲ್ಲಿ ಧನುರ್ವಾಯುವಿನ ರೋಗಾಣು ಇರುವುದರಿಂದ, ಅದರ ಚುಚ್ಚುಮದ್ದನ್ನು ಹಿಂದೆ ಯಾವಾಗ ಹಾಕಿಸಿಕೊಂಡಿರೆಂದು ವೈದ್ಯರಿಗೆ ತಿಳಿಸಿರಿ. ಸಕ್ಕರೆ ಕಾಯಿಲೆ, ರಕ್ತ ತೆಳುವಾಗಿಸುವ ಮಾತ್ರೆ, ಗರ್ಭಿಣಿಯಾಗಿರುವುದು ಇವುಗಳನ್ನೂ ಮೊದಲೇ ಹೇಳಬೇಕು.

ಆದರೆ ಜ್ವರ ಬಂದರೆ, ಕೆಂಪು ಪಾದದ ಮೇಲಕ್ಕೆ ಹಬ್ಬಿದರೆ, ತೊಡೆಸಂದಿನಲ್ಲಿ ಗಡ್ಡೆ ಕಟ್ಟಿದರೆ, ಬೆರಳು ಕಪ್ಪಾದರೆ ಕಟಾವಿಗೂ ಕಾಯದೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಮೊದಲು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೋರಿಸಿರಿ. ಅಲ್ಲಿಂದ ಹರಿಹರದ ತಾಲ್ಲೂಕು ಆಸ್ಪತ್ರೆಗೋ ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಗೋ ಹೋಗಬೇಕಾದರೆ ಅವರೇ ತಿಳಿಸುತ್ತಾರೆ. ಕ್ಷೌರದ ಕತ್ತಿಯಿಂದ ಕೆತ್ತಿಸಿಕೊಳ್ಳುವುದು, ಸೂಜಿ ಕಾಯಿಸಿ ಚುಚ್ಚುವುದು ಇನ್ನಾದರೂ ನಿಲ್ಲಬೇಕು.

ಗುಣವಾದ ಮೇಲೆ ಉಗುರನ್ನು ನೇರವಾಗಿ ಕತ್ತರಿಸಿ, ಎರಡು ಮೂಲೆಗಳನ್ನೂ ಹಾಗೆಯೇ ಬಿಡಿರಿ. ಗದ್ದೆಯಿಂದ ಬಂದೊಡನೆ ಕಾಲು ತೊಳೆದು ಬೆರಳ ಸಂದುಗಳನ್ನು ಒರೆಸಿರಿ. ಮನೆಯ ಮಕ್ಕಳಿಗೂ ಇದನ್ನೇ ರೂಢಿ ಮಾಡಿಸಿರಿ. ಕೆಲವು ವಾರಗಳ ವಿಶ್ರಾಂತಿಗೆ ಹೆದರಿ ವರ್ಷಗಟ್ಟಲೆ ಕುಂಟುವುದು ಜಾಣತನವಲ್ಲ.